ಅಮ್ಮ, ಅತ್ತೆ ಜೊತೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕ್ಷೇತ್ರಗಳು: ಕಾರಿಲ್ಲದೆ, ಕಡಿಮೆ ಖರ್ಚಲ್ಲಿ ಹೇಗೆ?

ಬಟವಾಡಿಯವಳು

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಅಮ್ಮನನ್ನೂ ಅತ್ತೆಯನ್ನೂ ಕರೆದುಕೊಂಡು ಕ್ಷೇತ್ರಗಳನ್ನು ನೋಡಿ ಬರಬೇಕು ಅಂತ ಆಸೆ. ಕಾಶಿ, ರಾಮೇಶ್ವರ ಅಲ್ಲ, ಇಲ್ಲೇ ನಮ್ಮ ತುಮಕೂರಿನ ಸುತ್ತಮುತ್ತ. ಸಿದ್ಧಗಂಗೆ, ದೇವರಾಯನದುರ್ಗ, ಗೊರವನಹಳ್ಳಿ, ಯಡಿಯೂರು, ವಿದುರಾಶ್ವತ್ಥ, ಭೋಗನಂದೀಶ್ವರ, ಕೈವಾರ, ಕೋಲಾರಮ್ಮ, ಕುರುಡುಮಲೆ, ಆವಣಿ, ಕೋಟಿಲಿಂಗ. ಅತ್ತೆಯ ಪಟ್ಟಿಯಲ್ಲಿ ಪಾವಗಡದ ಶನಿಮಹಾತ್ಮನೂ ಇದ್ದಾನೆ. ಇಷ್ಟನ್ನೂ ಒಂದೇ ಸುತ್ತು ಹಾಕಿ ನಾಲ್ಕು ದಿನದಲ್ಲಿ ಮುಗಿಸಬಹುದಾ?

ನಮ್ಮಲ್ಲಿ ಕಾರಿಲ್ಲ. ಟೆಂಪೋ ಟ್ರಾವೆಲರ್ ವಿಚಾರಿಸಿದೆ. ಬಾಡಿಗೆ, ಡ್ರೈವರ್ ಬತ್ತಾ, ಟೋಲ್ ಎಲ್ಲ ಸೇರಿಸಿ ಅವರು ಹೇಳಿದ ಮೊತ್ತ ಕೇಳಿ ನಮ್ಮ ಮನೆಯವರು ಸುಮ್ನೆ ಫೋನ್ ಇಟ್ಟುಬಿಟ್ಟರು. ಬಸ್ಸು, ರೈಲಿನಲ್ಲೇ ಹೋಗುವುದು ಅಂತ ತೀರ್ಮಾನ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಾಗುವುದಿಲ್ಲ. ಅತ್ತೆಗೆ ಮೆಟ್ಟಿಲು ಒಂದು ಲೆಕ್ಕವೇ ಅಲ್ಲ, ಆದರೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಒಂದು ಗಂಟೆಗೆ ಊಟ ಆಗಲೇಬೇಕು. ಹೋಗಿ ಬಂದವರು ದಯವಿಟ್ಟು ದಾರಿ ಹೇಳಿ.

ಕೊರಟಗೆರೆ ರೂಟ್

ಅಕ್ಕಾ, ನಾನು ಕಂಡಕ್ಟರ್ ಆಗಿ ರಿಟೈರ್ ಆದವನು. ನಿಮ್ಮ ಪಟ್ಟಿ ನೋಡಿದ ಕೂಡಲೇ ಹೇಳಬೇಕು ಅನ್ನಿಸಿದ್ದು ಒಂದೇ. ಸುತ್ತು ಹಾಕುವ ಯೋಚನೆ ಬಿಡಿ. ಅದು ಕಾರಿನವರಿಗೆ. ಬಸ್ಸಿನವರು ಒಂದು ಊರಲ್ಲಿ ಬ್ಯಾಗ್ ಇಟ್ಟು, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬೇಕು. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್ ಬೇಕಾದಷ್ಟು. ಒಂದು ತಾಲ್ಲೂಕಿನಿಂದ ಪಕ್ಕದ ತಾಲ್ಲೂಕಿಗೆ ಅಡ್ಡ ಹೋಗಬೇಕು ಅಂದರೆ ಸ್ಟ್ಯಾಂಡಿನಲ್ಲಿ ಕೂತು ಕಡಲೆಕಾಯಿ ತಿನ್ನಬೇಕು.

ಖರ್ಚು ಎಲ್ಲಿ ಆಗುತ್ತದೆ ಅನ್ನುವುದನ್ನೂ ಸರಿಯಾಗಿ ನೋಡಿ. ಬಸ್ ಚಾರ್ಜ್ ನಿಮಗೆ ಖರ್ಚೇ ಅಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ನೀವು ಮೂವರು ಹೆಂಗಸರಿಗೂ ಜೀರೋ ಟಿಕೆಟ್. ರಾಜಹಂಸ, ಎಸಿ ಬಸ್ಸಿಗೆ ಇಲ್ಲ. ದುಡ್ಡು ಹೋಗುವುದು ಬಸ್ ಇಳಿದ ಮೇಲೆ. ಕ್ರಾಸ್‌ನಿಂದ ಗುಡಿಯವರೆಗಿನ ಆ ನಾಲ್ಕಾರು ಕಿಲೋಮೀಟರ್‌ಗೆ ಆಟೋದವರು ಕೇಳಿದಷ್ಟು ಕೊಡಬೇಕು, ಯಾಕೆಂದರೆ ಅಲ್ಲಿ ಬೇರೆ ದಾರಿ ಇಲ್ಲ.

ಅದಕ್ಕೇ ನಾನು ಮೂರು ಗುಂಪು ಮಾಡುತ್ತೇನೆ, ದೇವರು ಕ್ಷಮಿಸಲಿ. ರಸ್ತೆ ಪಕ್ಕದ ದೇವರು, ಕ್ರಾಸ್ ದೇವರು, ಬೆಟ್ಟದ ದೇವರು. ಯಡಿಯೂರು ಸಿದ್ಧಲಿಂಗೇಶ್ವರ, ಶಿರಾ ದಾರಿಯ ಸೀಬಿ ನರಸಿಂಹ, ಮುಳಬಾಗಿಲು ಆಂಜನೇಯ, ಕೋಲಾರಮ್ಮ, ಪಾವಗಡದ ಶನಿಮಹಾತ್ಮ, ಇವೆಲ್ಲ ರಸ್ತೆ ಪಕ್ಕ ಇಲ್ಲವೇ ಊರೊಳಗೆ. ಬಸ್ ಇಳಿದರೆ ಆಯಿತು. ಕೈವಾರ, ಕುರುಡುಮಲೆ, ಆವಣಿ, ಕೋಟಿಲಿಂಗ, ಭೋಗನಂದೀಶ್ವರ ಕ್ರಾಸ್ ದೇವರು. ದೇವರಾಯನದುರ್ಗ, ಸಿದ್ಧರಬೆಟ್ಟ, ಕೋಲಾರದ ಅಂತರಗಂಗೆ ಬೆಟ್ಟದ ದೇವರು. ದಿನಕ್ಕೆ ಒಂದು ಕ್ರಾಸ್ ದೇವರು, ಒಂದು ರಸ್ತೆ ಪಕ್ಕದ ದೇವರು. ಅದಕ್ಕಿಂತ ಜಾಸ್ತಿ ಬೇಡ.

ಬಟವಾಡಿಯವಳು

ಅಣ್ಣಾ, ನಿಮ್ಮ ಗುಂಪು ಓದಿ ಅತ್ತೆ ನಕ್ಕರು. ಆದರೆ ಹೀಗೆ ಮಾಡಿದರೆ ರಜೆ ಸಾಕಾಗಲ್ಲ ಅಲ್ವಾ?

ಕ್ಯಾತ್ಸಂದ್ರ ಗೇಟ್

ತುಮಕೂರಿನ ಸುತ್ತ ಇರುವುದಕ್ಕೆ ದಸರಾ ರಜೆ ಯಾಕೆ ಬೇಕು ಅಕ್ಕಾ? ಬಟವಾಡಿಯಿಂದ ಸಿದ್ಧಗಂಗೆಗೆ ಬರುವುದು ಸಂಜೆ ವಾಕಿಂಗ್ ಹೋದ ಹಾಗೆ. ಸಂಜೆ ಹೊತ್ತಿಗೇ ಬನ್ನಿ. ಸಾವಿರಾರು ಮಕ್ಕಳು ಬಯಲಲ್ಲಿ ಸಾಲಾಗಿ ಕೂತು ಸಾಮೂಹಿಕ ಪ್ರಾರ್ಥನೆ ಮಾಡುತ್ತಾರೆ. ಅದನ್ನು ನೋಡದೆ ಗದ್ದುಗೆಗೆ ಮಾತ್ರ ನಮಸ್ಕಾರ ಹಾಕಿ ಹೋಗುವವರನ್ನು ಕಂಡರೆ ನನಗೆ ಬೇಜಾರು. ಬೆಟ್ಟದ ಮೇಲಿನ ಸಿದ್ಧಲಿಂಗೇಶ್ವರನಿಗೆ ಮೆಟ್ಟಿಲು ಹತ್ತಬೇಕು. ಅಮ್ಮ ಕೆಳಗೇ ಇರಲಿ, ಅತ್ತೆ ಹತ್ತಲಿ.

ಹೊರಗಿನಿಂದ ಬರುವವರಿಗೂ ಹೇಳುತ್ತೇನೆ. ಬೆಂಗಳೂರಿನಿಂದ ತುಮಕೂರಿಗೆ ಬರುವ ಪ್ಯಾಸೆಂಜರ್ ರೈಲು ಕ್ಯಾತ್ಸಂದ್ರದಲ್ಲೇ ನಿಲ್ಲುತ್ತದೆ. ತಟ್ಟೆ ಇಡ್ಲಿ ತಿಂದುಕೊಂಡು ಮಠಕ್ಕೆ ಹೋಗಿ. ಶಿವರಾತ್ರಿ ಸಮಯದ ಜಾತ್ರೆಗೆ ಬಂದರೆ ದನಗಳ ಪರಿಷೆಯೂ ಇರುತ್ತದೆ, ಆದರೆ ವಯಸ್ಸಾದವರಿಗೆ ಆ ಜನಜಂಗುಳಿ ಬೇಡ.

ಗಂಟೆ ಬಾರಿಸೋನು

ಕಡಿಮೆ ಖರ್ಚು ತಾನೇ ವಿಷಯ? ನನ್ನ ಸಲಹೆ ಸಿಂಪಲ್. ಸಿದ್ಧಗಂಗೆಯಲ್ಲಿ ಊಟ ಫ್ರೀ, ಗೊರವನಹಳ್ಳಿ ಫ್ರೀ, ಯಡಿಯೂರು ಫ್ರೀ, ಕೈವಾರ ಫ್ರೀ. ಊಟದ ಹೊತ್ತಿಗೆ ಸರಿಯಾಗಿ ಒಂದೊಂದು ಕಡೆ ಇರುವ ಹಾಗೆ ಪ್ಲಾನ್ ಮಾಡಿ. ಹೋಟೆಲ್ ಖರ್ಚು ಸೊನ್ನೆ. ನಾವು ಫ್ರೆಂಡ್ಸ್ ಬೆಂಗಳೂರಿನಿಂದ ಬೈಕಲ್ಲಿ ಬಂದರೆ ಹೀಗೇ ಮಾಡುತ್ತೇವೆ.

ಚಿಂತಾಮಣಿ ಮೇಷ್ಟ್ರು

ಏನಪ್ಪ, ಬೈಕಿನ ಪೆಟ್ರೋಲ್‌ಗೆ ಸಾವಿರ ರೂಪಾಯಿ ಹಾಕಿ, ಮಠದ ಅನ್ನದಲ್ಲಿ ಎಂಬತ್ತು ರೂಪಾಯಿ ಉಳಿಸಿದೆ ಅಂತ ಹೇಳಿಕೊಳ್ಳುವುದು ಒಂದು ಸಾಧನೆಯಾ? ಅಲ್ಲಿ ಬೇಯುವ ಅಕ್ಕಿ, ರಾಗಿ ಯಾವುದೋ ಹಳ್ಳಿಯ ರೈತ ಗಾಡಿಯಲ್ಲಿ ತಂದು ಹಾಕಿದ್ದು. ಹಸಿದವರು ತಿನ್ನಲಿ. ಯಾತ್ರೆಗೆ ಬಂದವರೂ ಪ್ರಸಾದ ಅಂತ ತಿನ್ನಲಿ. ಟೂರ್ ಬಜೆಟ್‌ನಲ್ಲಿ ಒಂದು ಸಾಲು ಉಳಿಸಲು ತಿನ್ನುವುದು ಬೇರೆ.

ಗಂಟೆ ಬಾರಿಸೋನು

ಮೇಷ್ಟ್ರೇ, ಬಡಿಸುವವರೇ ಕೇಳದ ಪ್ರಶ್ನೆ ನೀವು ಯಾಕೆ ಕೇಳುತ್ತೀರಿ? ಅಲ್ಲಿ ಯಾರು, ಏನು ಅಂತ ವಿಚಾರಿಸುವುದಿಲ್ಲ. ಅದೇ ಅದರ ದೊಡ್ಡತನ ಅಲ್ವಾ?

ಕ್ಯಾತ್ಸಂದ್ರ ಗೇಟ್

ಇಬ್ಬರೂ ಸ್ವಲ್ಪ ತಡೆಯಿರಿ. ನಾನು ಮಠದ ನೆರಳಲ್ಲೇ ಬೆಳೆದವನು. ಗಂಟೆಯವರು ಹೇಳಿದ್ದು ನಿಜ, ಅಲ್ಲಿ ಕೇಳುವುದಿಲ್ಲ. ಕೇಳಬಾರದು ಅಂತಲೇ ಶಿವಕುಮಾರ ಸ್ವಾಮಿಗಳು ಅದನ್ನು ನಡೆಸಿಕೊಂಡು ಬಂದರು. 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಅವರ ಬಾಯಲ್ಲಿ ಇದ್ದದ್ದು ಅನ್ನ, ಅಕ್ಷರ, ಆಶ್ರಯ. ಈಗ ಸರ್ಕಾರ ಆ ದಿನವನ್ನು ದಾಸೋಹ ದಿನ ಅಂತ ಆಚರಿಸುತ್ತದೆ. ಬೈಕಿನವನಿಗೂ ಊಟ ಇದೆ, ಕಾರಿನವನಿಗೂ ಇದೆ.

ಆದರೆ ಕೇಳುವುದಿಲ್ಲ ಅನ್ನುವುದು ಅವರ ಧರ್ಮ. ನಮ್ಮ ಧರ್ಮ ಏನು ಅಂತ ನಾವು ನೋಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅಪ್ಪ ಒಂದು ಲೆಕ್ಕ ಇಟ್ಟಿದ್ದರು. ಹೋಟೆಲಿನಲ್ಲಿ ತಿಂದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ಕೌಂಟರಿನಲ್ಲಿ ಕೊಟ್ಟು ರಸೀದಿ ತಗೊಳ್ಳುವುದು. ಕೈಯಲ್ಲಿ ಇಲ್ಲದಿದ್ದಾಗ ಏನೂ ಕೊಡದೆ ಬರುವುದು, ಅದಕ್ಕೆ ನಾಚಿಕೆ ಪಡದೆ ಇರುವುದು. ಕೆಲವರು ಒಂದು ಕಿಲೋ ಬೇಳೆ, ನಾಲ್ಕು ತೆಂಗಿನಕಾಯಿ ತರುತ್ತಾರೆ. ಅದೂ ಆಯಿತು.

ಇನ್ನು ಪಂಕ್ತಿಯಲ್ಲಿ ಕೂತಾಗ. ಬೇಕಾದಷ್ಟೇ ಹಾಕಿಸಿಕೊಳ್ಳಿ. ಬಿಡಬೇಡಿ. ಪಕ್ಕದವರು ಉಣ್ಣುವುದನ್ನು ಫೋನಲ್ಲಿ ವಿಡಿಯೋ ಮಾಡಬೇಡಿ, ಅಲ್ಲಿ ಬೇರೆ ಊಟ ಸಿಗದೆ ಬಂದವರೂ ಕೂತಿರುತ್ತಾರೆ. ಇದನ್ನು ಯಾರೂ ಬೋರ್ಡಿನಲ್ಲಿ ಬರೆದು ಹಾಕುವುದಿಲ್ಲ.

ಬಟವಾಡಿಯವಳು

ಅಪ್ಪನವರ ಲೆಕ್ಕ ನಮಗೆ ಹಿಡಿಸಿತು. ನಮ್ಮ ಬಜೆಟ್‌ನಲ್ಲಿ ಊಟದ ದುಡ್ಡು ಹಾಗೇ ಇರಲಿ, ಹೋಟೆಲಿನ ಬದಲು ಅಲ್ಲಿಗೆ ಹೋಗಲಿ. ಆದರೆ ಅತ್ತೆಯ ಒಂದು ಗಂಟೆ? ದಾಸೋಹ ಎಷ್ಟು ಹೊತ್ತಿಗೆ ಶುರು?

ಕೊರಟಗೆರೆ ರೂಟ್

ಎಲ್ಲ ಕಡೆ ಒಂದೇ ಹೊತ್ತು ಅಲ್ಲ ಅಕ್ಕಾ, ಜನ ಜಾಸ್ತಿ ಇದ್ದರೆ ಪಂಕ್ತಿಗೆ ಕಾಯಬೇಕು. ಗೊರವನಹಳ್ಳಿ ಮಹಾಲಕ್ಷ್ಮಿಗೆ ಮಂಗಳವಾರ, ಶುಕ್ರವಾರ, ಭಾನುವಾರ ವಿಪರೀತ ಜನ. ಸೋಮವಾರ ಅಥವಾ ಬುಧವಾರ ಹೋಗಿ. ದರ್ಶನವೂ ಬೇಗ, ಊಟವೂ ಬೇಗ. ಸಕ್ಕರೆ ಕಾಯಿಲೆಯವರು ಚೀಲದಲ್ಲಿ ಒಂದು ಚಪಾತಿ ಸುರುಳಿ ಇಟ್ಟುಕೊಂಡೇ ಹೋಗಬೇಕು. ಬಸ್ಸಲ್ಲಿ ತಲೆ ಸುತ್ತಿ ಬಿದ್ದವರನ್ನು ಎಷ್ಟೋ ಸಲ ನೋಡಿದ್ದೇನೆ, ಬಹಳಷ್ಟು ಜನ ಉಪವಾಸ ಹೊರಟವರು.

ಗೊರವನಹಳ್ಳಿಗೆ ತುಮಕೂರಿನಿಂದ ಕೊರಟಗೆರೆ ಕಡೆ ಬಸ್ಸು. ವಾರದ ದೊಡ್ಡ ದಿನಗಳಲ್ಲಿ ನೇರ ಬಸ್ ಸಿಗುವುದು ಸುಲಭ, ಬೇರೆ ದಿನ ಕೊರಟಗೆರೆಯಲ್ಲಿ ಇಳಿದು ಬದಲಾಯಿಸಬೇಕಾಗಬಹುದು. ಜನ ಬೇಡ ಅಂದರೆ ಬಸ್ಸೂ ಕಡಿಮೆ, ಏನು ಮಾಡುವುದು! ದರ್ಶನ ಆದ ಮೇಲೆ ಹತ್ತಿರದ ತೀತಾ ಜಲಾಶಯ ನೋಡಿ. ಒಳ್ಳೇ ಮಳೆಯಾದ ವರ್ಷ ಕಣ್ಣಿಗೆ ಹಬ್ಬ.

ಕಲ್ಲುಕಂಬ

ನಿಮ್ಮ ಪಟ್ಟಿಯಲ್ಲಿ ಜನ ತುಂಬಿದ ಗುಡಿಗಳೇ ಇವೆ. ಒಂದು ಕಾಸೂ ಕೇಳದ, ನಿಂತು ನೋಡಲು ಜಾಗ ಇರುವ ಗುಡಿಗಳನ್ನು ಯಾಕೆ ಬಿಟ್ಟಿರಿ? ತುಮಕೂರಿಗೆ ಕೂಗಳತೆಯಲ್ಲಿ ಕೈದಾಳ ಇದೆ. ಹೊಯ್ಸಳರ ಕಾಲದ ಚೆನ್ನಕೇಶವ, 12ನೇ ಶತಮಾನದ್ದು. ಜಕಣಾಚಾರಿಗೆ ಕತ್ತರಿಸಿಕೊಂಡ ಕೈ ಮತ್ತೆ ಬಂದಿದ್ದು ಇಲ್ಲೇ ಅಂತ ಕತೆ. ಅತ್ತೆಯವರಿಗೆ ಕತೆ ಗೊತ್ತಿರುತ್ತದೆ, ಗುಡಿ ನೋಡಿರುವುದಿಲ್ಲ. ದೀಪಾವಳಿ ಆದ ಮೇಲೆ ಹೋದರೆ ದಾರಿಯಲ್ಲಿ ಗೂಳೂರಿನ ದೊಡ್ಡ ಮಣ್ಣಿನ ಗಣಪನನ್ನೂ ನೋಡಬಹುದು.

ಸೀಬಿಯಲ್ಲಿ ತಲೆ ಎತ್ತಿ ನೋಡಬೇಕು. ಮುಖಮಂಟಪದ ಚಾವಣಿ ತುಂಬ ಬಣ್ಣದ ಚಿತ್ರಗಳು, ದೇವರ ಕತೆಗಳ ಜೊತೆಗೆ ಆಸ್ಥಾನದ ದೃಶ್ಯಗಳೂ ಇವೆ. ಹೈವೇಯಲ್ಲಿ ದಿನಕ್ಕೆ ಸಾವಿರಾರು ಗಾಡಿ ಹೋಗುತ್ತವೆ, ಇಳಿಯುವವರು ಕಡಿಮೆ.

ತಿಪಟೂರು ಕಡೆಗೆ ಹೋಗುವುದಾದರೆ ಅರಳಗುಪ್ಪೆಯ ಕಲ್ಲೇಶ್ವರ. ನೊಳಂಬರ ಕಾಲದ ಗುಡಿ. ಚಾವಣಿಯ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ನನ್ನ ಕೇಳಿದರೆ ಈ ಮೂರು ಜಿಲ್ಲೆಯಲ್ಲಿ ಕಲ್ಲಿನ ಕೆಲಸ ಅಂದರೆ ಇದೇ ಮೊದಲು, ಆಮೇಲೆ ಭೋಗನಂದೀಶ್ವರ, ಆಮೇಲೆ ಆವಣಿ.

ಚಿಂತಾಮಣಿ ಮೇಷ್ಟ್ರು

ಭೋಗನಂದೀಶ್ವರನನ್ನು ಎರಡನೇ ಸ್ಥಾನಕ್ಕೆ ಇಳಿಸಿದ್ದಕ್ಕೆ ನಮ್ಮ ಜಿಲ್ಲೆಯ ಪರವಾಗಿ ಖಂಡನೆ! ಅಲ್ಲಿ ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಒಂದೇ ಸಾಲಿನಲ್ಲಿ ಇವೆ. 9ನೇ ಶತಮಾನದಿಂದ ನೊಳಂಬರು, ಚೋಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ಕಟ್ಟುತ್ತಾ ಹೋಗಿದ್ದಾರೆ. ಪುರಾತತ್ವ ಇಲಾಖೆಯವರ ರಕ್ಷಣೆಯಲ್ಲಿದೆ, ಟಿಕೆಟ್ ಇಲ್ಲ. ಅಮ್ಮನ ಮಂಡಿಗೂ ತೊಂದರೆ ಇಲ್ಲ, ಎಲ್ಲ ಸಮತಟ್ಟು. ಶೃಂಗಿ ತೀರ್ಥದ ಕಲ್ಯಾಣಿಗೆ ಮಾತ್ರ ಮೇಲಿಂದಲೇ ಕೈಮುಗಿಯಲಿ. ಭಾನುವಾರ ಬೇಡ. ಬೆಂಗಳೂರಿನವರು ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗಿ ಇಳಿಯುವಾಗ ಎಲ್ಲರೂ ಇಲ್ಲಿಗೇ ಬರುತ್ತಾರೆ, ಅರ್ಧ ಜನ ಫೋಟೋಗೆ.

ಈಗ ಕೈವಾರ. ಚಿಂತಾಮಣಿ ಬಸ್ ಸ್ಟ್ಯಾಂಡಿನಿಂದ ಹೋಗುವುದು ಸುಲಭ. ಕೈವಾರ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ಬಳೆ ಮಾರುತ್ತಿದ್ದವರು. ಕನ್ನಡದಲ್ಲೂ ತೆಲುಗಿನಲ್ಲೂ ಕೀರ್ತನೆ ಬರೆದರು, ಅವರ ಕಾಲಜ್ಞಾನವನ್ನು ನಮ್ಮ ಕಡೆ ಈಗಲೂ ಹಾಡುತ್ತಾರೆ. ಮಠದಲ್ಲಿ ಊಟ ಇದೆ, ಉಳಿಯಲು ಕೋಣೆಗಳೂ ಇವೆ. ಊರೊಳಗೆ ಅಮರನಾರೇಯಣ ಸ್ವಾಮಿ, ಭೀಮಲಿಂಗೇಶ್ವರ ಗುಡಿಗಳು. ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ಜನ ನಂಬುತ್ತಾರೆ. ಹತ್ತಿರದ ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಿವೆ. ಹಳೆಯದಲ್ಲ, ಈಚಿನ ಕೆಲಸ. ಆದರೂ ತಂಪಾಗಿದೆ. ಗುರುಪೂರ್ಣಿಮೆ ಸಮಯದಲ್ಲಿ ಮೂರು ದಿನ ಸಂಗೀತ ನಡೆಯುತ್ತದೆ, ಆಗ ಕೋಣೆ ಸಿಗುತ್ತದೆ ಅಂತ ನಂಬಿ ಬರಬೇಡಿ.

ವಿದುರಾಶ್ವತ್ಥಕ್ಕೆ ಅರ್ಧ ದಿನ ಇಡಿ. ನಾಗರ ಕಲ್ಲುಗಳು ಸಾಲುಸಾಲು, ನೋಡಿದಷ್ಟೂ ಮುಗಿಯುವುದಿಲ್ಲ. ವಿದುರ ನೆಟ್ಟ ಮರ ಅಂತ ಪೂಜೆ ಮಾಡುತ್ತಿದ್ದ ಹಳೇ ಅಶ್ವತ್ಥ ಬಿದ್ದುಹೋಗಿದೆ. ಬಹಳ ಜನ ನಾಗಪ್ರತಿಷ್ಠೆ ಮುಗಿಸಿ ಹಾಗೇ ಹೊರಟುಬಿಡುತ್ತಾರೆ. ಪಕ್ಕದಲ್ಲೇ ಸ್ಮಾರಕ ಇದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಆಮೇಲೆ ಸರ್ದಾರ್ ಪಟೇಲ್ ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ಮಾಡಿದರು, ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ತೋರಿಸದೆ ಬರಬೇಡಿ. ಹೋಗುವುದು ಗೌರಿಬಿದನೂರಿನಿಂದ. ಯಲಹಂಕ, ಹಿಂದೂಪುರ ರೈಲು ದಾರಿಯಲ್ಲಿ ವಿದುರಾಶ್ವತ್ಥ ಅಂತಲೇ ಒಂದು ಸಣ್ಣ ಸ್ಟೇಷನ್ ಕೂಡ ಇದೆ, ಆದರೆ ಎಲ್ಲ ಗಾಡಿ ನಿಲ್ಲುವುದಿಲ್ಲ.

ಗಂಟೆ ಬಾರಿಸೋನು

ಮೇಷ್ಟ್ರೇ, ಇದು ಗೊತ್ತಿರಲಿಲ್ಲ. ಮುಂದಿನ ಸಲ ಹೋಗುತ್ತೇನೆ. (ಊಟ ಮನೆಯಿಂದಲೇ ಕಟ್ಟಿಕೊಂಡು ಬರುತ್ತೇನೆ, ಬಿಡಿ.)

ಮುಳಬಾಗಿಲು ದೋಸೆ

ಕೋಲಾರದವರು ಯಾರೂ ಬಾಯಿ ಬಿಟ್ಟಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ.

ಅಕ್ಕಾ, ಈ ಕಡೆ ಬಂದಾಗ ಕೋಲಾರದಲ್ಲಿ ಒಂದು ರಾತ್ರಿ, ಮುಳಬಾಗಿಲಿನಲ್ಲಿ ಒಂದು ರಾತ್ರಿ ಉಳಿಯಿರಿ. ಲಾಡ್ಜ್ ಎರಡೂ ಕಡೆ ಬಸ್ ಸ್ಟ್ಯಾಂಡ್ ಹತ್ತಿರ ಸಿಗುತ್ತದೆ. ಕೋಲಾರಮ್ಮನ ಗುಡಿಯೂ ಸೋಮೇಶ್ವರನ ಗುಡಿಯೂ ಊರೊಳಗೇ, ಆಟೋ ಖರ್ಚು ಜಾಸ್ತಿ ಆಗುವುದಿಲ್ಲ. ಅಮ್ಮನವರನ್ನು ನೇರ ನೋಡುವುದಿಲ್ಲ, ಕನ್ನಡಿಯಲ್ಲಿ ನೋಡುವ ಪದ್ಧತಿ. ಒಳಗೆ ಚೇಳಮ್ಮ ಇದ್ದಾಳೆ. ಚೇಳಿನ ಭಯ ಇರುವವರು ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಗೋಡೆ ತುಂಬ ಚೋಳರ ಕಾಲದ ತಮಿಳು ಶಾಸನಗಳು. ಸೋಮೇಶ್ವರ ವಿಜಯನಗರದ ಕಾಲದ್ದು, ಅದರ ಕಲ್ಯಾಣ ಮಂಟಪದ ಕಂಬಗಳನ್ನು ಕಲ್ಲುಕಂಬದವರು ಯಾಕೆ ಮರೆತರೋ ಕಾಣೆ. ಅಂತರಗಂಗೆಗೆ ಮೆಟ್ಟಿಲಿದೆ. ಬಸವನ ಬಾಯಿಂದ ನೀರು ಬರುವ ಕಲ್ಯಾಣಿ. ಅತ್ತೆ ಮಾತ್ರ ಹೋಗಿ ಬರಲಿ. ಕೋತಿಗಳಿವೆ, ಕೈಯಲ್ಲಿ ಕವರ್ ಬೇಡ.

ಮುಳಬಾಗಿಲಿನಲ್ಲಿ ಬೆಳಿಗ್ಗೆ ಆಂಜನೇಯ. ಅರ್ಜುನ ಪ್ರತಿಷ್ಠೆ ಮಾಡಿದ್ದು ಅಂತ ಐತಿಹ್ಯ. ಆಮೇಲೆ ದೋಸೆ. ಇದರ ಬಗ್ಗೆ ನಾನು ಹೊಗಳಿದರೆ ಹೆಸರು ನೋಡಿ ನಗುತ್ತೀರಿ, ತಿಂದು ನೀವೇ ಹೇಳಿ. ಆಮೇಲೆ ಕುರುಡುಮಲೆ. ಸುಮಾರು ಹತ್ತು ಕಿಲೋಮೀಟರ್. ಒಂದೇ ಕಲ್ಲಿನ ಗಣಪ, ಹದಿಮೂರು ಅಡಿಗಿಂತ ಎತ್ತರ. ಸಂಕಷ್ಟಿ, ಚೌತಿ ದಿನ ಬಿಟ್ಟು ಬನ್ನಿ. ಗಣಪತಿ ನೋಡಿ ಹಾಗೇ ಹೊರಡಬೇಡಿ, ಹತ್ತಿರದಲ್ಲೇ ಸೋಮೇಶ್ವರನ ಗುಡಿ ಇದೆ, ಅಲ್ಲಿ ನೀವು ಬಿಟ್ಟರೆ ಯಾರೂ ಇರುವುದಿಲ್ಲ.

ಆವಣಿ ಮುಳಬಾಗಿಲಿನ ಇನ್ನೊಂದು ಕಡೆಗೆ. ಕುರುಡುಮಲೆ, ಆವಣಿ ಎರಡಕ್ಕೂ ಒಂದೇ ಆಟೋ ಮಾತಾಡಿಕೊಂಡು, ಅಲ್ಲಿ ಕಾಯುವುದೂ ಸೇರಿ ಎಷ್ಟು ಅಂತ ಹೊರಡುವ ಮೊದಲೇ ಹೇಳಿಸಿ. ‘ನೋಡಿ ಕೊಡಿ ಸಾರ್’ ಅಂದರೆ ಒಪ್ಪಬೇಡಿ. ಒಂದು ಹಬ್ಬದ ದಿನ ನಮ್ಮ ನೆಂಟರೊಬ್ಬರಿಂದ ಹೋಗುವಾಗ ಒಂದು ರೇಟು, ಬರುವಾಗ ಎರಡರಷ್ಟು ವಸೂಲಿ ಆಯಿತು. ಆವಣಿಯಲ್ಲಿ ಕೆಳಗೆ ರಾಮಲಿಂಗೇಶ್ವರ ಗುಡಿಗಳ ಗುಂಪು, ನೊಳಂಬರದ್ದು. ಸೀತಮ್ಮ ಲವಕುಶರನ್ನು ಹೆತ್ತ ಜಾಗ ಅಂತ ಬೆಟ್ಟದ ಮೇಲೆ ಗುಡಿ. ಅಮ್ಮನವರಿಗೆ ಕೆಳಗಿನದೇ ಸಾಕು.

ನರಸಿಂಹ ತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ ಇದೆ, ವ್ಯಾಸರಾಯರ ಗುರುಗಳು. ಹರಿದಾಸರ ಹಾಡು ಹೇಳುವವರು ಮನೆಯಲ್ಲಿದ್ದರೆ ಅದನ್ನು ಬಿಡಬೇಡಿ.

ಕಲ್ಲುಕಂಬ

ಮರೆತಿಲ್ಲ ಸ್ವಾಮಿ, ಜಾಗ ಸಾಲಲಿಲ್ಲ! ಕೋಟಿಲಿಂಗದ ಬಗ್ಗೆ ಏನೂ ಹೇಳಲಿಲ್ಲ ನೀವು. ನನಗೆ ಕೇಳಿದರೆ ಅದನ್ನು ಪಟ್ಟಿಯಿಂದ ತೆಗೆಯಬಹುದು. ಹಳೆಯದೇನೂ ಇಲ್ಲ, ಒಳಗೆ ಹೋಗಲು ಟಿಕೆ‍ಟ್.

ಮುಳಬಾಗಿಲು ದೋಸೆ

ತೆಗೆಯಬೇಡಿ ಅಕ್ಕಾ. ಹಳೆಯದಾಗಿದ್ದರೆ ಮಾತ್ರ ದೇವರಾ? 1980ರಲ್ಲಿ ಶುರುವಾದದ್ದು ನಿಜ. 108 ಅಡಿ ಲಿಂಗ, ಎದುರಿಗೆ ದೊಡ್ಡ ನಂದಿ, ಸುತ್ತ ಲಿಂಗಗಳ ಕಾಡು. ಜನ ದುಡ್ಡು ಕಟ್ಟಿ ತಮ್ಮ ಹೆಸರಲ್ಲಿ ಲಿಂಗ ಇಡಿಸುತ್ತಾರೆ. ನಮ್ಮಜ್ಜಿ ತೀರಿಕೊಂಡ ತಾತನ ಹೆಸರಲ್ಲಿ ಒಂದು ಸಣ್ಣದು ಇಡಿಸಿದ್ದಳು. ಪ್ರತಿ ಸಲ ಹೋದಾಗ ಅದನ್ನು ಹುಡುಕುವುದೇ ಅವಳಿಗೆ ಯಾತ್ರೆ. ಶಿಲ್ಪ ನೋಡಲು ಹೋಗುವವರಿಗೆ ಅಲ್ಲಿ ಏನೂ ಇಲ್ಲ, ಒಪ್ಪುತ್ತೇನೆ. ಅಮ್ಮ, ಅತ್ತೆಯರಿಗೆ ಇದೆ.

ಬೆಂಗಳೂರಿನಿಂದ ಬಂಗಾರಪೇಟೆ ಮೇಲೆ ಮಾರಿಕುಪ್ಪಂಗೆ ಪ್ಯಾಸೆಂಜರ್ ರೈಲು ಇದೆ. ಕೆಜಿಎಫ್‌ನಲ್ಲಿ ಇಳಿದು ಕೋಟಿಲಿಂಗ ಇರುವ ಕಮ್ಮಸಂದ್ರಕ್ಕೆ ಆಟೋ. ಮಧ್ಯಾಹ್ನ ಹೋಗಬೇಡಿ, ಬರಿಗಾಲಲ್ಲಿ ನೆಲ ಸುಡುತ್ತದೆ. ಹಳೇ ಸಾಕ್ಸ್ ಇಟ್ಟುಕೊಳ್ಳಿ. ಬರುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ, ಅದರ ಪಾನಿ ನೀರಿನ ಹಾಗೆ ತಿಳಿಯಾಗಿರುತ್ತದೆ, ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ.

ಪಾವಗಡ ಬಿಸಿಲು

ಅತ್ತೆಯವರ ಪರವಾಗಿ ನಾನು. ಪಾವಗಡಕ್ಕೆ ರೈಲು ಇಲ್ಲ, ಬಸ್ಸೇ ಗತಿ. ತುಮಕೂರಿನಿಂದ ಮಧುಗಿರಿ ಮೇಲೆ. ಇದನ್ನು ಬೇರೆ ಯಾವುದರ ಜೊತೆಗೂ ಸೇರಿಸಬೇಡಿ, ಒಂದು ದಿನ ಪೂರ್ತಿ ಕೊಡಿ. ನಡುವೆ ಇಳಿಯಬೇಕು ಅನ್ನಿಸಿದರೆ ಮಧುಗಿರಿಯ ದಂಡಿನ ಮಾರಮ್ಮ ಇದ್ದಾಳೆ, ಅಷ್ಟೇ.

ಶನಿವಾರ ಆಂಧ್ರದಿಂದಲೂ ಜನ ಬರುತ್ತಾರೆ, ಶ್ರಾವಣ ಶನಿವಾರವಂತೂ ಕಾಲಿಡಲು ಜಾಗ ಇಲ್ಲ. ಸರತಿಯಲ್ಲಿ ನಿಲ್ಲುವ ಶಕ್ತಿ ಇಲ್ಲದವರು ಗುರುವಾರ ಬರಲಿ. ಅತ್ತೆಗೆ ಶನಿವಾರವೇ ಆಗಬೇಕು ಅಂದರೆ ಶುಕ್ರವಾರ ಸಂಜೆ ಬಂದು ಉಳಿದು, ಬೆಳಗಿನ ಜಾವ ದರ್ಶನ ಮುಗಿಸಿ, ಜನ ಬರುವ ಹೊತ್ತಿಗೆ ವಾಪಸ್ ಬಸ್ ಹತ್ತಿ. ಎಳ್ಳೆಣ್ಣೆ, ಕಪ್ಪು ಬಟ್ಟೆ ಎಲ್ಲ ಗುಡಿ ಮುಂದೆ ಕೊಳ್ಳುವ ಬದಲು ಮನೆಯಿಂದ ತನ್ನಿ. ಬೇಸಿಗೆಯಲ್ಲಿ ಮಾತ್ರ ಬೇಡ. ದೇಶದ ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಒಂದನ್ನು ನಮ್ಮ ತಿರುಮಣಿಯಲ್ಲಿ ಸುಮ್ನೆ ಕಟ್ಟಲಿಲ್ಲ.

ಬಟವಾಡಿಯವಳು

ಎಲ್ಲರ ಮಾತು ಮನೆಯಲ್ಲಿ ಓದಿ ಹೇಳಿದೆ. ಈಗ ಹೀಗೆ ಅಂದುಕೊಂಡಿದ್ದೇವೆ. ಸಿದ್ಧಗಂಗೆ, ಕೈದಾಳ, ಗೊರವನಹಳ್ಳಿ, ಯಡಿಯೂರು ಇವನ್ನು ದಸರಾ ರಜೆಗೆ ಇಡುವುದಿಲ್ಲ. ಬಿಡುವಾದಾಗ ಒಂದೊಂದಾಗಿ, ಬೆಳಿಗ್ಗೆ ಹೋಗಿ ಸಂಜೆ ಮನೆ. ದೇವರಾಯನದುರ್ಗಕ್ಕೆ ಯಾರಾದರೂ ನೆಂಟರ ಕಾರು ಬಂದಾಗ. ಪಾವಗಡ ಬೇರೆ.

ರಜೆಯಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಮಾತ್ರ. ಮೊದಲು ಕೋಲಾರ, ಆಮೇಲೆ ಮುಳಬಾಗಿಲು, ಅಲ್ಲಿಂದ ಚಿಂತಾಮಣಿ, ಕೈವಾರದಲ್ಲಿ ಒಂದು ರಾತ್ರಿ, ಚಿಕ್ಕಬಳ್ಳಾಪುರ, ಭೋಗನಂದೀಶ್ವರ, ಮನೆ. ಕೋಟಿಲಿಂಗಕ್ಕೆ ಇಬ್ಬರೂ ಕೈ ಎತ್ತಿದ್ದಾರೆ, ಅದಕ್ಕೆ ವಿದುರಾಶ್ವತ್ಥ ಮುಂದಿನ ಸಲ. ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು. ಟಿಕೆಟ್ ತಗೊಳ್ಳುವವರು ನಮ್ಮ ಮನೆಯವರೊಬ್ಬರೇ, ಅದೊಂದು ದುಃಖ ಅವರಿಗೆ.

ಚಿಂತಾಮಣಿ ಮೇಷ್ಟ್ರು

ಬೇಜಾರೇನಿಲ್ಲಮ್ಮ. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ರೈಲೂ ಇದೆ. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಹೋಗುತ್ತದೆ. ಹಿಂದೆ ಸಣ್ಣ ಗೇಜಿನ ಪುಟ್ಟ ರೈಲು ಓಡುತ್ತಿದ್ದ ದಾರಿ ಅದು. ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿ, ನಿಮ್ಮ ಯಜಮಾನರ ದುಃಖ ಸ್ವಲ್ಪ ಕಡಿಮೆ ಆಗಬಹುದು. ಆದರೆ ದಿನಕ್ಕೆ ಇರುವುದು ಕೆಲವೇ ಗಾಡಿ. ಹೊರಡುವ ಹಿಂದಿನ ದಿನ ವೇಳೆ ನೋಡಿಕೊಳ್ಳಿ.

ಕೊರಟಗೆರೆ ರೂಟ್

ಈಗ ಸರಿಯಾಯಿತು. ಎರಡು ಮಾತು ಸೇರಿಸುತ್ತೇನೆ. ಕೋಲಾರ, ಚಿಂತಾಮಣಿ ಕಡೆ ಪ್ರೈವೇಟ್ ಬಸ್ ಜಾಸ್ತಿ. ಅವರು ಸ್ಟ್ಯಾಂಡಿನ ಹೊರಗಿಂದಲೇ ಕೂಗಿ ಹತ್ತಿಸಿಕೊಳ್ಳುತ್ತಾರೆ. ಅದರಲ್ಲಿ ಶಕ್ತಿ ನಡೆಯಲ್ಲ, ಎಲ್ಲರಿಗೂ ಟಿಕೆಟ್. ಆದರೆ ಸರ್ಕಾರಿ ಬಸ್ಸಿಗೆ ಒಂದು ಗಂಟೆ ಕಾಯುವ ಬದಲು ಕೆಲವು ಸಲ ಅದೇ ಒಳ್ಳೆಯದು. ಅಮ್ಮನ ಮಂಡಿ ಮುಖ್ಯ, ಇಪ್ಪತ್ತು ಮೂವತ್ತು ರೂಪಾಯಿ ಅಲ್ಲ.

ವಾಪಸ್ ಬರುವಾಗ ಮೆಜೆಸ್ಟಿಕ್‌ಗೆ ಬರಬೇಡಿ. ಚಿಕ್ಕಬಳ್ಳಾಪುರದಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರಿಗೆ ಬರಬಹುದು. ನೇರ ಬಸ್ ಸಿಗದಿದ್ದರೆ ದೊಡ್ಡಬಳ್ಳಾಪುರದಲ್ಲಿ ಬದಲಾಯಿಸಿ. ಗುಡಿಗಳ ಬಾಗಿಲು ಮಧ್ಯಾಹ್ನ ಹಾಕಿ ಸಂಜೆ ತೆಗೆಯುತ್ತಾರೆ, ಆ ಹೊತ್ತನ್ನು ಬಸ್ಸಿನಲ್ಲಿ ಕಳೆಯುವ ಹಾಗೆ ನೋಡಿಕೊಳ್ಳಿ. ಮೂವರ ಆಧಾರ್ ಕಾರ್ಡೂ ಕೈಗೆ ಸಿಗುವ ಹಾಗೆ ಇರಲಿ, ಕರ್ನಾಟಕದ ವಿಳಾಸ ಇದ್ದರೆ ಮಾತ್ರ ಜೀರೋ ಟಿಕೆಟ್.

ಬಟವಾಡಿಯವಳು

ಅಯ್ಯೋ, ಅತ್ತೆಯ ಆಧಾರ್‌ನಲ್ಲಿ ಆಂಧ್ರದ ಮಡಕಶಿರಾ ವಿಳಾಸ ಇದೆ! ಅವರ ತವರು ಅಲ್ಲೇ, ಹಳೇ ಕಾರ್ಡು. ಓಟರ್ ಐಡಿ ತುಮಕೂರಿನದ್ದು ಇದೆ. ನಡೆಯುತ್ತದಾ?

ಕೊರಟಗೆರೆ ರೂಟ್

ಅದೇ ತೋರಿಸಿ, ನಡೆಯುತ್ತದೆ. ಆಧಾರ್ ಹೊರಗೆ ತೆಗೆಯಲೇ ಬೇಡಿ.